ಮನೆ ಒಡೆದ ಮೇಲೆ ಉಳಿಯುವ ಸಾಮಾನು: ಓದುಗರ ಪ್ರಶ್ನೆ, ನಮ್ಮ ಉತ್ತರ

ಈ ಸಲ ಬಂದ ಪತ್ರಗಳಲ್ಲಿ ಮನೆ ಕಟ್ಟುವುದಕ್ಕಿಂತ ಒಡೆಯುವುದರ ಬಗ್ಗೆಯೇ ಜಾಸ್ತಿ. ಮೈಸೂರು, ಮಂಡ್ಯ ಎರಡೂ ಕಡೆ ಹಳೇ ಮನೆ ಕೆಡವಿ ಡ್ಯೂಪ್ಲೆಕ್ಸ್ ಎಬ್ಬಿಸುವ ಕಾಲ ಇದು. ಹೊಸ ಮನೆಯ ಪ್ಲಾನಿಗೆ ತಿಂಗಳುಗಟ್ಟಲೆ ತಲೆ ಕೆಡಿಸಿಕೊಳ್ಳುವವರು ಹಳೇದನ್ನು ಹೇಗೆ ಇಳಿಸಬೇಕು ಅಂತ ಯೋಚಿಸುವುದೇ ಇಲ್ಲ. ಪತ್ರಗಳನ್ನು ಸ್ವಲ್ಪ ಚಿಕ್ಕದು ಮಾಡಿದ್ದೇನೆ. ಊರು, ಬಡಾವಣೆ ಮಾತ್ರ ಹಾಕಿದ್ದೇನೆ, ಹೆಸರು ಹಾಕಿಲ್ಲ.

ಪ್ರಶ್ನೆ: ಮೇಡಂ, ಮೈಸೂರಿನ ಅಗ್ರಹಾರದಲ್ಲಿ ನಮ್ಮ ತಾತ ಕಟ್ಟಿಸಿದ ಮನೆ ಇದೆ. ಮುಂದೆ ಮಂಗಳೂರು ಹೆಂಚು, ಹಿಂದಿನ ಎರಡು ರೂಮಿಗೆ ಮದ್ರಾಸ್ ಟೆರೇಸ್. ಒಟ್ಟು ಸಾವಿರ ಚದರಡಿ. ಜೆಸಿಬಿಯವರು ಒಂದೇ ದಿನದಲ್ಲಿ ಕೆಡವಿ ಎಲ್ಲಾ ನಾವೇ ಹೊತ್ಕೊಂಡು ಹೋಗ್ತೀವಿ, ನೀವು ಒಂದು ಪೈಸೆ ಕೊಡಬೇಡಿ ಅಂತಿದ್ದಾರೆ. ಒಪ್ಪಿಕೊಳ್ಳಬಹುದಾ?
*(ಅಗ್ರಹಾರ, ಮೈಸೂರು)*

ಉತ್ತರ: ಪುಕ್ಕಟೆ ಅಂದಾಗ, ಅವರಿಗೆ ಏನು ಸಿಗುತ್ತದೆ ಅಂತ ಮೊದಲು ಲೆಕ್ಕ ಹಾಕಿ. ತೇಗದ ತೊಲೆ, ಜಂತೆ, ಬಾಗಿಲುವಾಡ, ಕಿಟಕಿ ಸರಳು, ಹೆಂಚು, ಅಂಗಳದ ಕಲ್ಲು ಚಪ್ಪಡಿ. ಇವೆಲ್ಲ ಅವರ ಪಾಲು. ನಿಮ್ಮ ಪಾಲಿಗೆ ಖಾಲಿ ಸೈಟು. ಆಮೇಲೆ ಹೊಸ ಮನೆಗೆ ಅದೇ ತರಹದ ತೇಗ ಬೇಕು ಅಂತ ಅಂಗಡಿಗೆ ಹೋದಾಗ ಗೊತ್ತಾಗುತ್ತದೆ ಎಷ್ಟು ಕೊಟ್ಟುಬಿಟ್ಟೆವು ಅಂತ.

ದುಡ್ಡಿಗಿಂತ ದೊಡ್ಡ ವಿಷಯ ಇಟ್ಟಿಗೆ. ಅಷ್ಟು ಹಳೇ ಮನೆಯಾದರೆ ಗೋಡೆಗೆ ಮಣ್ಣಿನ ಗಾರೆಯೋ ಸುಣ್ಣದ ಗಾರೆಯೋ ಇರುತ್ತದೆ. ಸುತ್ತಿಗೆಯಲ್ಲಿ ಮೆಲ್ಲಗೆ ತಟ್ಟಿದರೆ ಇಟ್ಟಿಗೆ ಇಡಿಯಾಗಿ ಬಿಟ್ಟುಕೊಳ್ಳುತ್ತದೆ, ಅಂಟಿದ್ದನ್ನು ಕೆರೆದರೆ ಮತ್ತೆ ಗೋಡೆಗೆ ರೆಡಿ. ಈಗಿನ ಸಿಮೆಂಟ್ ಗಾರೆಯ ಗೋಡೆ ಹಾಗಲ್ಲ. ಅಲ್ಲಿ ಗಾರೆ ಇಟ್ಟಿಗೆಗಿಂತ ಗಟ್ಟಿ, ಎಳೆದರೆ ಇಟ್ಟಿಗೆಯೇ ಮುರಿಯುತ್ತದೆ. ಅಂದರೆ ಇವತ್ತು ಕಟ್ಟುವ ಮನೆಗಳಿಂದ ನಮ್ಮ ಮೊಮ್ಮಕ್ಕಳಿಗೆ ಒಂದು ಇಟ್ಟಿಗೆಯೂ ಇಡಿಯಾಗಿ ಸಿಗುವುದಿಲ್ಲ, ನಿಮ್ಮ ತಾತನ ಮನೆಯಿಂದ ಮಾತ್ರ ಸಿಗುತ್ತದೆ. ಅದನ್ನು ಜೆಸಿಬಿ ಬಕೆಟ್ಟಿಗೆ ಕೊಟ್ಟು ಪುಡಿ ಮಾಡಿಸುತ್ತೀರಾ?

ಯಂತ್ರ ಒಂದೇ ಏಟಿಗೆ ಬೀಳಿಸಿದಾಗ ಹೆಂಚು, ಸುಣ್ಣ, ಮಣ್ಣು, ವೈರು, ಪ್ಲಾಸ್ಟಿಕ್, ಗಾಜು ಎಲ್ಲಾ ಒಂದೇ ಗುಡ್ಡೆ ಆಗುತ್ತದೆ. ಆ ಗುಡ್ಡೆಯನ್ನು ಯಾರೂ ಬಿಡಿಸಲು ಹೋಗುವುದಿಲ್ಲ, ಕೂಲಿ ಗಿಟ್ಟುವುದಿಲ್ಲ. ಅದು ಸೀದಾ ರಿಂಗ್ ರೋಡ್ ಪಕ್ಕಕ್ಕೋ, ಯಾವುದಾದರೂ ಕೆರೆ ಅಂಚಿಗೋ ಹೋಗುತ್ತದೆ. ಅಲ್ಲಿ ಬಿದ್ದಿರುವುದೆಲ್ಲ ಬೆಳಗ್ಗೆವರೆಗೂ ಒಳ್ಳೇ ಸಾಮಾನೇ ಆಗಿತ್ತು, ಬೆರೆತದ್ದರಿಂದ ಕಸ ಆಯಿತು.

ಇನ್ನು ಎಷ್ಟು ಬರುತ್ತದೆ ಅಂತ. ಕೇಂದ್ರ ಸರ್ಕಾರದ ಟೈಫ್ಯಾಕ್ ಸಂಸ್ಥೆಯ ಹಳೇ ಅಂದಾಜು ಒಂದಿದೆ: ಕಟ್ಟಡ ಕೆಡವಿದರೆ ಚದರ ಮೀಟರಿಗೆ 300ರಿಂದ 500 ಕಿಲೋ. ನಿಮ್ಮ ಸಾವಿರ ಚದರಡಿ ಅಂದರೆ ಸುಮಾರು 93 ಚದರ ಮೀಟರ್. ಅಲ್ಲಿಗೆ 28ರಿಂದ 46 ಟನ್. ಟ್ರ್ಯಾಕ್ಟರಿಗೆ 3 ಟನ್ ಅಂತ ಹಿಡಿದರೂ ಹತ್ತರಿಂದ ಹದಿನೈದು ಲೋಡು. ಇದರಲ್ಲಿ ಅರ್ಧದಷ್ಟು ನಿಮ್ಮ ಸೈಟಿನಲ್ಲೇ ಉಳಿದರೆ ಅಷ್ಟು ಲೋಡಿನ ಬಾಡಿಗೆಯೂ ಉಳಿಯಿತು.

ಕೈಯಲ್ಲಿ ಇಳಿಸಿದರೆ ಎರಡು ಮೂರು ವಾರ ಹಿಡಿಯಬಹುದು. ಇಳಿಸುವ ಕ್ರಮ ಮುಖ್ಯ. ಮೊದಲು ಕರೆಂಟು, ನೀರು ತೆಗೆಸಿ. ಆಮೇಲೆ ಬಾಗಿಲು, ಕಿಟಕಿ. ಆಮೇಲೆ ಹೆಂಚು, ರೀಪು, ತೊಲೆ. ಗೋಡೆ ಕೊನೆಗೆ, ಅದೂ ಮೇಲಿನಿಂದ ಕೆಳಕ್ಕೆ ಒಂದೊಂದೇ ವರಸೆ. ಮದ್ರಾಸ್ ಟೆರೇಸ್ ಕಡೆ ಮಾತ್ರ ಬಹಳ ಹುಷಾರು. ಅಲ್ಲಿ ಜಂತೆಗಳ ಮೇಲೆ ಸಣ್ಣ ಇಟ್ಟಿಗೆಯನ್ನು ಓರೆಯಾಗಿ ನಿಲ್ಲಿಸಿ ಸುಣ್ಣದಲ್ಲಿ ಕಟ್ಟಿರುತ್ತಾರೆ, ಮೇಲೆ ದಪ್ಪ ಸುಣ್ಣದ ಕಾಂಕ್ರೀಟು. ಮರದ ಆಸೆಗೆ ಕೆಳಗಿನಿಂದ ಜಂತೆ ಎಳೆದರೆ ಇಡೀ ಚಾವಣಿ ತಲೆ ಮೇಲೆ. ಮೇಲಿನ ಭಾರ ಪೂರ್ತಿ ಕೆತ್ತಿ ಇಳಿಸಿದ ಮೇಲೆಯೇ ಜಂತೆ ಮುಟ್ಟಬೇಕು. ಅಗ್ರಹಾರದ ಮನೆಗಳಲ್ಲಿ ಪಕ್ಕದವರ ಜೊತೆ ಒಂದೇ ಗೋಡೆ ಇರುವುದೂ ಉಂಟು, ಅದನ್ನು ನೋಡದೆ ಕೈ ಹಾಕಬೇಡಿ. 2012ರಲ್ಲಿ ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ ಕುಸಿದು ಜನ ಸತ್ತದ್ದು ನಿಮ್ಮ ಅಗ್ರಹಾರದಿಂದ ದೂರವೇನಲ್ಲ. ಹಳೇ ಕಟ್ಟಡ ಒಳಗೆ ಎಲ್ಲಿ ಸಡಿಲ ಆಗಿದೆ ಅಂತ ಹೊರಗಿನಿಂದ ಕಾಣುವುದಿಲ್ಲ. ಮುಟ್ಟುವ ಮುಂಚೆ ಒಬ್ಬ ಇಂಜಿನಿಯರಿಗೆ ತೋರಿಸಿ.

ಜೆಸಿಬಿ ಬೇಡವೇ ಬೇಡ ಅಂತಲ್ಲ. ಪಾಯ ಅಗೆಯಲು ಕರೆಸಿ. ಪಾಯದಲ್ಲಿ ಸಿಗುವ ಸೈಜುಗಲ್ಲು ಹೊಸ ಕಾಂಪೌಂಡಿಗೆ ಹಾಗೇ ಬರುತ್ತದೆ, ಕಲ್ಲಿಗೆ ವಯಸ್ಸಾಗುವುದಿಲ್ಲ.

ಪ್ರಶ್ನೆ: ಹಳೇ ತೊಲೆ ಕೊಯ್ಯಿಸಲು ಹೋದರೆ ಸಾಮಿಲ್ಲಿನವರು ಬೇಡ ಅಂತಾರೆ. ಯಾಕೆ?
*(ನಂಜನಗೂಡು ರಸ್ತೆ, ಮೈಸೂರು)*

ಉತ್ತರ: ಮೊಳೆ. ಒಳಗೆ ಮುರಿದು ಉಳಿದ ಒಂದು ಮೊಳೆ ಸಾಕು, ಅವರ ಬ್ಲೇಡು ಹೋಗುತ್ತದೆ. ಮನೆಯಲ್ಲೇ ಕೂತು ಒಂದು ಜೋರಾದ ಮ್ಯಾಗ್ನೆಟ್ಟನ್ನು ಮರದ ಉದ್ದಕ್ಕೂ ಆಡಿಸಿ. ಎಳೆದ ಕಡೆ ಸೀಮೆಸುಣ್ಣದಲ್ಲಿ ಗುರುತು ಹಾಕಿ, ಎಲ್ಲಾ ಕಿತ್ತು, ಆಮೇಲೆ ತೆಗೆದುಕೊಂಡು ಹೋಗಿ. ಕುಟ್ಟೆ ಹಿಡಿದಿದೆಯಾ ಅಂತಲೂ ನೋಡಿ. ಸಣ್ಣ ತೂತು, ಕೆಳಗೆ ಹಿಟ್ಟಿನಂಥ ಪುಡಿ ಇದ್ದರೆ ಆ ಮರವನ್ನು ಹೊಸ ಮನೆಗೆ ತರಬೇಡಿ.

ಪ್ರಶ್ನೆ: ಮಂಡ್ಯದಲ್ಲಿ ಮನೆ ಕಟ್ಟಿಸುತ್ತಿದ್ದೇವೆ. ರಸ್ತೆಗಿಂತ ಸೈಟು ತಗ್ಗು, ಪಾಯದ ಒಳಗೆ ಮೂರು ಅಡಿ ತುಂಬಿಸಬೇಕು. ಗ್ರಾವೆಲ್ ಯಾಕೆ, ಎಲ್ಲೋ ಒಡೆದ ಮನೆಯ ಡೆಬ್ರಿಸ್ ಬರುತ್ತೆ, ಅದನ್ನೇ ಹಾಕೋಣ ಅಂತ ಮೇಸ್ತ್ರಿ ಹೇಳ್ತಾರೆ. ಅತ್ತೆಗೆ ಇಷ್ಟ ಇಲ್ಲ, ಬೇರೆಯವರ ಮನೆ ಮಣ್ಣು ಬೇಡ ಅಂತಾರೆ. ನಿಮ್ಮ ಅಭಿಪ್ರಾಯ?
*(ಗುತ್ತಲು, ಮಂಡ್ಯ)*

ಉತ್ತರ: ಅತ್ತೆಯವರ ಮಾತಿಗೆ ನಾನು ಅಡ್ಡ ಬರುವುದಿಲ್ಲ, ಅದು ನಿಮ್ಮ ಮನೆ ವಿಷಯ. ಮೇಸ್ತ್ರಿ ಮಾತಿನಲ್ಲಿ ಅರ್ಧ ಸರಿ ಇದೆ. ಇಟ್ಟಿಗೆ ಚೂರು, ಕಾಂಕ್ರೀಟು ತುಂಡು, ಗಾರೆ, ಹೆಂಚಿನ ಚೂರು ಇಷ್ಟೇ ಇದ್ದರೆ ನೆಲದ ಕೆಳಗೆ ತುಂಬಲು ಚೆನ್ನಾಗಿಯೇ ಇರುತ್ತದೆ. ಕಪ್ಪು ಮಣ್ಣು ತುಂಬುವುದಕ್ಕಿಂತ ಎಷ್ಟೋ ವಾಸಿ, ಅದು ನೀರು ಕುಡಿದು ಉಬ್ಬುತ್ತದೆ, ಒಣಗಿ ಬಿರಿಯುತ್ತದೆ.

ಆದರೆ "ಎಲ್ಲೋ ಒಡೆದ ಮನೆ" ಅಂದರಲ್ಲ, ಅಲ್ಲೇ ತೊಂದರೆ. ಲೋಡು ಬಂದಾಗ ನೀವೇ ಎದುರು ನಿಂತು ನೋಡಬೇಕು. ಮರದ ಚೂರು ಇದ್ದರೆ ನೆಲದ ಕೆಳಗೆ ಗೆದ್ದಲಿಗೆ ಊಟ ಇಟ್ಟ ಹಾಗೆ. ಪ್ಲಾಸ್ಟಿಕ್, ಗೋಣಿಚೀಲ ಇದ್ದರೆ ಅದು ಇದ್ದ ಕಡೆ ದಮ್ಮಸು ಕೂರುವುದಿಲ್ಲ. ಎಲ್ಲಕ್ಕಿಂತ ಕೆಟ್ಟದ್ದು ಪಿಒಪಿ, ಅಂದರೆ ಫಾಲ್ಸ್ ಸೀಲಿಂಗಿನ ಬಿಳಿ ತುಂಡು. ಅದು ಜಿಪ್ಸಂ. ತೇವ ತಗುಲಿದರೆ ಅದರಲ್ಲಿರುವ ಸಲ್ಫೇಟ್ ಕರಗಿ ಮೇಲಿನ ಸಿಮೆಂಟಿನ ಜೊತೆ ಸೇರಿ ಉಬ್ಬುತ್ತದೆ. ನೆಲ ಎದ್ದು ಬಿರುಕು ಬಿಡುವಾಗ ಟೈಲ್ಸ್ ಹಾಕಿದವನನ್ನು ಬೈಯುತ್ತೀರಿ, ಪಾಪ ಅವನ ತಪ್ಪೇನೂ ಇರುವುದಿಲ್ಲ. ಹಾಗಾಗಿ ಬಿಳಿ ತುಂಡು ಕಂಡ ಲೋಡನ್ನು ವಾಪಸ್ ಕಳಿಸಿ. ಮುಲಾಜು ಬೇಡ.

ತುಂಬುವ ರೀತಿಯೂ ಇದೆ. ಮೂರು ಅಡಿಯನ್ನು ಒಂದೇ ಸಲ ಸುರಿದು ಮೇಲೆ ನೀರು ಬಿಟ್ಟರೆ ಆಗಲ್ಲ. ದೊಡ್ಡ ತುಂಡು ಒಡೆಸಿ. ಅರ್ಧ ಅಡಿ ಹಾಕಿ, ನೀರು ಹೊಡೆದು, ದಮ್ಮಸು ಮಾಡಿ, ಮತ್ತೆ ಅರ್ಧ ಅಡಿ. ಚೂರುಗಳ ಸಂದಿಗೆ ಸ್ವಲ್ಪ ಗ್ರಾವೆಲ್ ಬೆರೆಸಿದರೆ ಗಟ್ಟಿಯಾಗಿ ಕೂರುತ್ತದೆ. ಕಾಲಂ ಪಾಯದ ಕೆಳಗೆ ಮಾತ್ರ ಇದನ್ನು ಹಾಕಲೇಬೇಡಿ. ಅಲ್ಲಿ ಮೂಲ ಗಟ್ಟಿ ನೆಲವೇ ಬೇಕು.

ಪ್ರಶ್ನೆ: ನಾಲೆ ಬಯಲಿನಲ್ಲಿ ನಮ್ಮದು ಒಂದು ಎಕರೆ ಗದ್ದೆ. ಒಂದು ಮೂಲೆ ತಗ್ಗು, ಸದಾ ನೀರು ನಿಲ್ಲುತ್ತೆ. ಟಿಪ್ಪರಿನವರು ಫ್ರೀಯಾಗಿ ಡೆಬ್ರಿಸ್ ತಂದು ಹಾಕ್ತೀವಿ ಅಂತಾರೆ. ಹಾಕಿಸಿಕೊಳ್ಳಲಾ?
*(ಪಾಂಡವಪುರ ತಾಲ್ಲೂಕು)*

ಉತ್ತರ: ಬೇಡ. ಗದ್ದೆಗೆ ಸುರಿದ ಇಟ್ಟಿಗೆ ಚೂರನ್ನು ವಾಪಸ್ ಆರಿಸಲು ಆಗುವುದಿಲ್ಲ. ನಿಮ್ಮ ಮಗ ಉಳುವಾಗಲೂ ಅದು ನೇಗಿಲಿಗೆ ಸಿಗುತ್ತದೆ. ಸುಣ್ಣ, ಸಿಮೆಂಟು ಸೇರಿದ ಮಣ್ಣಿನಲ್ಲಿ ಗಿಡಕ್ಕೆ ಕಬ್ಬಿಣದ ಅಂಶ ಎಳೆದುಕೊಳ್ಳಲು ಕಷ್ಟ, ಎಲೆ ಹಳದಿ ತಿರುಗುತ್ತದೆ. ವಿಶ್ವೇಶ್ವರಯ್ಯ ನಾಲೆಯ ಬಯಲಿನಲ್ಲಿ ನೀರು ನಿಂತು ಸೌಳು ಹಿಡಿದ ಜಮೀನು ಮೊದಲೇ ಇದೆ, ಅದಕ್ಕೆ ಇದೊಂದು ಸೇರಿಸಬೇಡಿ. ಇನ್ನೊಂದು ಮಾತು. ನಿಮ್ಮ ಮೂಲೆ ಎತ್ತರ ಆದರೆ ಅಲ್ಲಿ ನಿಲ್ಲುತ್ತಿದ್ದ ನೀರು ಪಕ್ಕದವರ ಗದ್ದೆಗೆ ಹೋಗುತ್ತದೆ, ಆಮೇಲೆ ಪಂಚಾಯಿತಿ ಕಟ್ಟೆಗೆ ನೀವು ಹೋಗುತ್ತೀರಿ. ನೀರು ಹೋಗಲು ಒಂದು ಬಸಿಗಾಲುವೆ ತೆಗೆಸಿ.

ಎತ್ತಿನ ಗಾಡಿ, ಟ್ರ್ಯಾಕ್ಟರು ಓಡಾಡುವ ದಾರಿ ಇದೆಯಲ್ಲ, ಕೆಸರಾಗುವ ಜಾಗ, ಅಲ್ಲಿಗೆ ಬೇಕಾದರೆ ಬರೀ ಕಾಂಕ್ರೀಟು ತುಂಡು ಒಂದು ಲೋಡು ಹಾಕಿಸಿಕೊಳ್ಳಿ.

ಪ್ರಶ್ನೆ: ಹಳೇ ಕಾಂಕ್ರೀಟು ಒಡೆದು ಮಾಡಿದ ಜಲ್ಲಿಯನ್ನು ಮೋಲ್ಡಿಗೆ ಬಳಸಬಹುದು ಅಂತ ಎಲ್ಲೋ ಓದಿದೆ. ನಿಜಾನಾ? ನಾನು ಸಿವಿಲ್ ಡಿಪ್ಲೊಮಾ ವಿದ್ಯಾರ್ಥಿ.
*(ಮೈಸೂರು)*

ಉತ್ತರ: ನಿಜ, ಆದರೆ ಮಿತಿ ಇದೆ. ಜಲ್ಲಿ, ಮರಳಿಗೆ ಸಂಬಂಧಿಸಿದ ಐಎಸ್ 383 ಮಾನಕವನ್ನು 2016ರಲ್ಲಿ ತಿದ್ದಿದಾಗ ಇದಕ್ಕೆ ಜಾಗ ಕೊಟ್ಟರು. ಕಾಂಕ್ರೀಟಿನಿಂದಲೇ ಬಂದ ಮರುಬಳಕೆ ಜಲ್ಲಿಯಾದರೆ ಕಂಬಿ ಇಲ್ಲದ ಕಾಂಕ್ರೀಟಿಗೆ ಒಟ್ಟು ಜಲ್ಲಿಯಲ್ಲಿ 25%ವರೆಗೆ, ಕಂಬಿ ಇರುವುದಕ್ಕೆ 20%ವರೆಗೆ, ಅದೂ ಎಂ25 ಅಥವಾ ಅದಕ್ಕಿಂತ ಕೆಳಗಿನ ದರ್ಜೆಗೆ ಮಾತ್ರ (ಎಂ ಮುಂದಿನ ಅಂಕಿ ಹೆಚ್ಚಿದಷ್ಟೂ ಕಾಂಕ್ರೀಟಿಗೆ ಬಲ ಜಾಸ್ತಿ). ಪಾಯದ ತಳಕ್ಕೆ ಹಾಸುವ, ಎಂ15ಗಿಂತ ಕಡಿಮೆ ಇರುವ ಬೆಡ್ ಕಾಂಕ್ರೀಟಿಗೆ ಪೂರ್ತಿ 100% ಹಾಕಬಹುದು. ಇಟ್ಟಿಗೆ, ಗಾರೆ ಬೆರೆತ ಜಲ್ಲಿಗೆ ಆ ಬೆಡ್ ಕಾಂಕ್ರೀಟು ಬಿಟ್ಟರೆ ಬೇರೆ ಅವಕಾಶ ಇಲ್ಲ.

ಯಾಕೆ ಇಷ್ಟು ಜಿಪುಣತನ ಅಂದರೆ, ಒಡೆದ ಜಲ್ಲಿಯ ಮೈಗೆ ಹಳೇ ಗಾರೆ ಅಂಟಿರುತ್ತದೆ. ಅದರಲ್ಲಿ ಸಣ್ಣ ಸಣ್ಣ ರಂಧ್ರ. ನೀರು ಜಾಸ್ತಿ ಹೀರುತ್ತದೆ. ಒಣ ಜಲ್ಲಿ ಹಾಗೇ ಮಿಕ್ಸರಿಗೆ ಹಾಕಿದರೆ ಸಿಮೆಂಟಿಗೆ ಅಂತ ಹಾಕಿದ ನೀರನ್ನು ಅದೇ ಕುಡಿದುಬಿಡುತ್ತದೆ, ಮಾಲು ಬಿಗಿಯಾಗುತ್ತದೆ, ಆಗ ಕೆಲಸದವರು ಮೇಲಿಂದ ಇನ್ನೊಂದು ಬಕೆಟ್ ನೀರು ಸುರಿಯುತ್ತಾರೆ, ಅಲ್ಲಿಗೆ ಬಲ ಹೋಯಿತು. ಮೊದಲೇ ನೆನೆಸಿಟ್ಟುಕೊಳ್ಳಬೇಕು. ನಿಮ್ಮ ಕಾಲೇಜಿನ ಲ್ಯಾಬಿನಲ್ಲಿ ಕ್ಯೂಬ್ ಹಾಕಿ ನೋಡಿ, ಒಂದನ್ನು ನೆನೆಸಿದ ಜಲ್ಲಿಯಲ್ಲಿ, ಒಂದನ್ನು ಒಣ ಜಲ್ಲಿಯಲ್ಲಿ. ಪ್ರಾಜೆಕ್ಟಿಗೆ ಇದಕ್ಕಿಂತ ಒಳ್ಳೇ ವಿಷಯ ಬೇಡ.

ಮೇಸ್ತ್ರಿ ಸುತ್ತಿಗೆಯಲ್ಲಿ ಒಡೆದುಕೊಟ್ಟ ಜಲ್ಲಿಯನ್ನು ಮನೆ ಚಾವಣಿಗೆ ಹಾಕಿ ಅಂತ ನಾನು ಹೇಳುತ್ತಿಲ್ಲ. ಡೆಬ್ರಿಸ್ ಮರುಬಳಕೆ ಘಟಕದಲ್ಲಿ ಕ್ರಶರಿಗೆ ಹಾಕುತ್ತಾರೆ, ಮ್ಯಾಗ್ನೆಟ್ಟಿನಲ್ಲಿ ಕಬ್ಬಿಣ ಎಳೆಯುತ್ತಾರೆ, ಜರಡಿ ಹಿಡಿದು, ತೊಳೆದು, ಪರೀಕ್ಷೆ ಮಾಡುತ್ತಾರೆ. ದಿಲ್ಲಿಯ ಬುರಾರಿಯಲ್ಲಿ 2009ರಿಂದ ಇಂಥ ಘಟಕ ಇದೆ. ನಮ್ಮ ರಾಜ್ಯದಲ್ಲಿ ಬೆಂಗಳೂರಿನ ಚಿಕ್ಕಜಾಲದಲ್ಲಿದೆ. ಮೈಸೂರಿನ ಡೆಬ್ರಿಸ್ ಅಲ್ಲಿಗೆ ಹೋಗಲಿ ಅಂದರೆ ಟಿಪ್ಪರ್ ಬಾಡಿಗೆಯೇ ಸಾಮಾನಿನ ಬೆಲೆ ನುಂಗುತ್ತದೆ. ಈ ವಸ್ತುವಿಗೆ ತೂಕ ಜಾಸ್ತಿ, ಬೆಲೆ ಕಡಿಮೆ. ಹುಟ್ಟಿದ ಊರಿನಲ್ಲೇ ಅರೆದು ಅಲ್ಲೇ ಬಳಸಿದರೆ ಮಾತ್ರ ಲೆಕ್ಕ ಕೂರುತ್ತದೆ. ಮಾರುಕಟ್ಟೆ ಬೇಕಲ್ಲ ಅಂತ ಕೇಳಬಹುದು. ಕಟ್ಟಡ ತ್ಯಾಜ್ಯದ 2016ರ ಕೇಂದ್ರ ನಿಯಮದಲ್ಲೇ ಸರ್ಕಾರಿ, ನಗರಸಂಸ್ಥೆ ಗುತ್ತಿಗೆಗಳಲ್ಲಿ 10ರಿಂದ 20 ಪರ್ಸೆಂಟ್ ಇಂಥ ವಸ್ತು ಕಡ್ಡಾಯ ಮಾಡಿ ಅಂತ ಇತ್ತು. ಫುಟ್‌ಪಾತಿನ ಇಂಟರ್‌ಲಾಕ್, ಚರಂಡಿ ಬೆಡ್ಡು ಇಷ್ಟಕ್ಕೆ ಮಾಡಿದರೂ ಸಾಕಿತ್ತು. ಟೆಂಡರಿನಲ್ಲಿ ಆ ಸಾಲು ಬರೆಯಲು ಯಾರಿಗೂ ಉತ್ಸಾಹ ಇದ್ದ ಹಾಗೆ ಕಾಣುವುದಿಲ್ಲ.

ಇನ್ನು ಹೊಸ ಜಲ್ಲಿ ಎಲ್ಲಿಂದ ಬರುತ್ತದೆ ಅಂತ ಮಂಡ್ಯ ಜಿಲ್ಲೆಯವರಿಗೆ ಹೇಳಿಕೊಡಬೇಕಾಗಿಲ್ಲ. ಪಾಂಡವಪುರ ತಾಲ್ಲೂಕಿನ ಬೇಬಿ ಬೆಟ್ಟದ ಕಲ್ಲುಗಣಿಯ ಸ್ಫೋಟದ ಅದುರು ಕೆಆರ್‌ಎಸ್ ಅಣೆಕಟ್ಟಿಗೆ ಏನು ಮಾಡೀತು ಅಂತ ವರ್ಷಗಟ್ಟಲೆ ಜಗಳ ನಡೆಯಿತು. 2024ರ ಜನವರಿಯಲ್ಲಿ ಹೈಕೋರ್ಟು ಕೆಆರ್‌ಎಸ್ ಸುತ್ತ 20 ಕಿಲೋಮೀಟರ್ ಒಳಗೆ ಗಣಿಗಾರಿಕೆ ಬೇಡ ಅಂತ ತಡೆಯಿತು. ಒಂದು ಕಡೆ ಬೆಟ್ಟ ಸಿಡಿಸಿ ಜಲ್ಲಿ ತರುವುದು, ಇನ್ನೊಂದು ಕಡೆ ಇದ್ದ ಜಲ್ಲಿಯನ್ನು ಕೆರೆಗೆ ಸುರಿಯುವುದು. ಎರಡನ್ನೂ ಮಾಡುವುದು ಅದೇ ಟಿಪ್ಪರು.

ಪ್ರಶ್ನೆ: ಕನ್ನಂಬಾಡಿ ಕಟ್ಟೆಯನ್ನು ಸಿಮೆಂಟಿಲ್ಲದೆ ಇಟ್ಟಿಗೆ ಪುಡಿಯಲ್ಲೇ ಕಟ್ಟಿದರು ಅಂತಾರೆ. ಹಾಗಾದರೆ ನಮ್ಮ ಒಡೆದ ಇಟ್ಟಿಗೆಯನ್ನೂ ಪುಡಿ ಮಾಡಿ ಬಳಸಬಹುದಲ್ವಾ?
*(ಶ್ರೀರಂಗಪಟ್ಟಣ)*

ಉತ್ತರ: ಬರೀ ಇಟ್ಟಿಗೆ ಪುಡಿ ಅಲ್ಲ. ಸುಟ್ಟ ಇಟ್ಟಿಗೆ ಪುಡಿಗೆ ಸುಣ್ಣ ಸೇರಿಸಿ ಅರೆದ ಗಾರೆ, ಅದೇ ಸುರ್ಕಿ. ಕಟ್ಟೆ ಕೆಲಸ 1911ರಲ್ಲಿ ಶುರುವಾಯಿತು, ಮುಗಿಯುವ ಹೊತ್ತಿಗೆ 1930ರ ದಶಕ. ಆಗ ಇಲ್ಲಿ ಸಿಮೆಂಟು ಬೇಕೆಂದಷ್ಟು ಸಿಗುತ್ತಿರಲಿಲ್ಲ. ಸುಟ್ಟ ಜೇಡಿಮಣ್ಣಿನ ನಯವಾದ ಪುಡಿ ಸುಣ್ಣದ ಜೊತೆ ತೇವದಲ್ಲಿ ಕೂಡಿ ನಿಧಾನಕ್ಕೆ ಗಟ್ಟಿಯಾಗುತ್ತದೆ, ನೀರೊಳಗೂ ಗಟ್ಟಿಯಾಗುತ್ತದೆ. ಅಣೆಕಟ್ಟಿಗೆ ಬೇಕಾಗಿದ್ದು ಅದೇ ಗುಣ.

ನಿಮ್ಮ ಇಟ್ಟಿಗೆಗೆ ಬರೋಣ. ಸಿಮೆಂಟ್ ಪ್ಲಾಸ್ಟರ್, ಪೇಂಟು ಅಂಟಿದ ಚೂರನ್ನು ಪುಡಿ ಮಾಡಿದರೆ ಅದು ಸುರ್ಕಿ ಆಗುವುದಿಲ್ಲ, ಬರೀ ಧೂಳು. ಪ್ಲಾಸ್ಟರ್ ಇಲ್ಲದ ಶುದ್ಧ ಇಟ್ಟಿಗೆ, ಹೆಂಚಿನ ಚೂರು ಇದ್ದರೆ ನುಣ್ಣಗೆ ಪುಡಿ ಮಾಡಿಸಿ ಸುಣ್ಣದ ಜೊತೆ ಬಳಸಬಹುದು. ಹಳೇ ಸುಣ್ಣದ ಗೋಡೆಯ ರಿಪೇರಿಗೆ ಸಿಮೆಂಟಿಗಿಂತ ಇದು ಎಷ್ಟೋ ಚೆನ್ನಾಗಿ ಹೊಂದುತ್ತದೆ. ಸಿಮೆಂಟು ಹಳೇ ಗೋಡೆಯ ತೇವವನ್ನು ಹೊರಗೆ ಬಿಡುವುದಿಲ್ಲ, ಕೆಲವು ವರ್ಷಕ್ಕೆ ಹೊಪ್ಪಳಿಕೆ ಎದ್ದು ಬೀಳುತ್ತದೆ. ಹೊಸ ಆರ್‌ಸಿಸಿ ಮನೆಗೆ ಇದರ ಗೋಜು ಬೇಡ. ಚೂರು ಉಳಿದರೆ ತಾರಸಿ ಮೇಲೆ ನೀರು ಇಳಿಜಾರಿಗೆ ಇಟ್ಟಿಗೆ ಚೂರಿನ ಪದರ ಹಾಕುತ್ತಾರಲ್ಲ, ಅದಕ್ಕೆ ಕೊಡಿ.

ಪ್ರಶ್ನೆ: ಹಳೇ ಮೋಲ್ಡ್ ಒಡೆದಾಗ ಬಂದ ಕಂಬಿಯನ್ನು ನೆಟ್ಟಗೆ ಮಾಡಿ ಹೊಸ ಮೋಲ್ಡಿಗೆ ಹಾಕಬಹುದಾ?
*(ಮದ್ದೂರು)*

ಉತ್ತರ: ಬೇಡ. ಬಗ್ಗಿಸಿ, ಬಡಿದು, ನೆಟ್ಟಗೆ ಮಾಡಿದ ಕಂಬಿ ಎಲ್ಲಿ ಸೋತಿದೆ ಅಂತ ಕಣ್ಣಿಗೆ ಕಾಣುವುದಿಲ್ಲ. ಗುಜರಿಗೆ ತೂಕ ಹಾಕಿ. ಅದು ಕರಗಿ ಮತ್ತೆ ಕಂಬಿಯಾಗಿಯೇ ಬರುತ್ತದೆ, ಉಕ್ಕು ಹಾಳಾಗುವ ವಸ್ತು ಅಲ್ಲ. ತೂಕ ಮಾಡುವಾಗ ನೀವು ಅಲ್ಲೇ ಇರಿ.

ಪ್ರಶ್ನೆ: ದನದ ಕೊಟ್ಟಿಗೆಯ ಸಿಮೆಂಟ್ ಶೀಟು ತೆಗೆದು ತಗಡು ಹಾಕಿಸುತ್ತಿದ್ದೇವೆ. ಹಳೇ ಶೀಟು ಪುಡಿ ಮಾಡಿ ದಾರಿಗೆ ಹಾಕೋಣ ಅಂತಾರೆ ಮನೆಯವರು.
*(ಕೆ.ಆರ್. ಪೇಟೆ)*

ಉತ್ತರ: ದಯವಿಟ್ಟು ಬೇಡ. ಹಳೇ ಸಿಮೆಂಟ್ ಶೀಟಿನಲ್ಲಿ ಆಸ್ಬೆಸ್ಟಾಸ್ ನಾರು ಇರುತ್ತದೆ. ಶೀಟು ಇಡಿಯಾಗಿ ಇರುವಷ್ಟು ದಿನ ನಾರು ಸಿಮೆಂಟಿನೊಳಗೆ ಹಿಡಿದುಕೊಂಡಿರುತ್ತದೆ. ಪುಡಿ ಮಾಡಿದರೆ ಕಣ್ಣಿಗೆ ಕಾಣದ ನಾರು ಗಾಳಿಗೆ ಬಂದು ಶ್ವಾಸಕೋಶದಲ್ಲಿ ಕೂರುತ್ತದೆ. ಕಾಯಿಲೆ ಇಪ್ಪತ್ತು ಮೂವತ್ತು ವರ್ಷ ಬಿಟ್ಟು ಬರುತ್ತದೆ, ಆಗ ಕಾರಣ ಯಾರಿಗೂ ನೆನಪಿರುವುದಿಲ್ಲ. ನೀರು ಹೊಡೆದು ಒದ್ದೆ ಮಾಡಿ, ಬೋಲ್ಟು ಬಿಚ್ಚಿ, ಒಡೆಯದೆ ಒಂದೊಂದೇ ಇಳಿಸಿ. ಮುರಿದದ್ದನ್ನು ದಪ್ಪ ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಕಟ್ಟಿ. ಕೆಲಸ ಮಾಡುವವರಿಗೆ ಒಳ್ಳೇ ಮಾಸ್ಕ್ ಕೊಡಿ, ಟವೆಲ್ ಸಾಲದು. ಎಲ್ಲಿಗೆ ಒಪ್ಪಿಸಬೇಕು ಅಂತ ಮಾಲಿನ್ಯ ನಿಯಂತ್ರಣ ಮಂಡಳಿಯ ಜಿಲ್ಲಾ ಕಚೇರಿಯಲ್ಲಿ ಕೇಳಿ, ಬೇರೆ ಡೆಬ್ರಿಸ್ ಜೊತೆ ಮಾತ್ರ ಸೇರಿಸಬೇಡಿ.

ಪ್ರಶ್ನೆ: ಎದುರು ಮನೆಯವರು ಒಡೆದ ಸಾಮಾನೆಲ್ಲ ರಸ್ತೆಯಲ್ಲೇ ಸುರಿದು ತಿಂಗಳಾಯಿತು. ಚರಂಡಿ ಕಟ್ಟಿದೆ. ಕೇಳಿದರೆ "ನಮ್ದು ಸಣ್ಣ ಮನೆ, ರೂಲ್ಸು ಅಪಾರ್ಟ್‌ಮೆಂಟಿನವರಿಗೆ" ಅಂತಾರೆ. ಹೌದಾ?
*(ವಿಜಯನಗರ 4ನೇ ಹಂತ, ಮೈಸೂರು)*

ಉತ್ತರ: ಅಲ್ಲ. ಕಟ್ಟಡ ತ್ಯಾಜ್ಯದ ನಿಯಮ 2016ರ ಮಾರ್ಚಿನಲ್ಲಿ ಬಂತು. ಸಣ್ಣವರಿರಲಿ ದೊಡ್ಡವರಿರಲಿ, ತ್ಯಾಜ್ಯ ಮಾಡಿದವರೇ ಅದನ್ನು ತಮ್ಮ ಜಾಗದೊಳಗೆ ಇಟ್ಟುಕೊಳ್ಳಬೇಕು ಅಥವಾ ನಗರಸಂಸ್ಥೆ ತೋರಿಸಿದ ಕಡೆ ಒಪ್ಪಿಸಬೇಕು, ಓಡಾಟಕ್ಕೂ ಚರಂಡಿಗೂ ಅಡ್ಡಿ ಆಗಬಾರದು ಅಂತ ಅದರಲ್ಲಿ ಸ್ಪಷ್ಟವಾಗಿತ್ತು. ದಿನಕ್ಕೆ 20 ಟನ್ ಅಥವಾ ಒಂದು ಕೆಲಸದಲ್ಲಿ ತಿಂಗಳಿಗೆ 300 ಟನ್ ದಾಟಿದರೆ ಕಾಂಕ್ರೀಟು, ಮಣ್ಣು, ಕಬ್ಬಿಣ-ಮರ-ಪ್ಲಾಸ್ಟಿಕ್, ಇಟ್ಟಿಗೆ-ಗಾರೆ ಅಂತ ನಾಲ್ಕು ಭಾಗ ಮಾಡಿ, ಕೆಲಸಕ್ಕೆ ಮುಂಚೆ ಒಪ್ಪಿಗೆಯನ್ನೂ ಪಡೆಯಬೇಕಿತ್ತು. ಮೇಲೆ ಅಗ್ರಹಾರದವರ ಲೆಕ್ಕ ನೋಡಿ: ಸಾವಿರ ಚದರಡಿ ಮನೆಯನ್ನು ಜೆಸಿಬಿ ಒಂದೇ ದಿನ ಕೆಡವಿದರೆ ಕಡಿಮೆ ಅಂದರೂ ಸುಮಾರು 28 ಟನ್, ದಿನದ 20 ಟನ್ ಮಿತಿ ದಾಟಿಯೇ ಹೋಗುತ್ತದೆ. ಸಣ್ಣ ಮನೆ ಅನ್ನುವವರು ಈ ಲೆಕ್ಕ ಹಾಕಿರುವುದೇ ಇಲ್ಲ.

2025ರಲ್ಲಿ ಕೇಂದ್ರ ಹೊಸ ನಿಯಮ ಹೊರಡಿಸಿ 2026ರ ಏಪ್ರಿಲ್ 1ರಿಂದ ಜಾರಿ ಅಂತ ದಿನ ಗೊತ್ತು ಮಾಡಿತು. ಅದರಲ್ಲಿ 20,000 ಚದರ ಮೀಟರ್ ಮತ್ತು ಅದಕ್ಕಿಂತ ದೊಡ್ಡ ಯೋಜನೆಗಳ ಮೇಲೆ ಮರುಬಳಕೆಯ ಹೊಣೆ ಹೊರಿಸಿದ್ದಾರೆ. ನಿಮ್ಮ ಎದುರು ಮನೆಯವರು ಅರ್ಧಂಬರ್ಧ ಕೇಳಿರುವುದು ಇದನ್ನೇ ಇರಬೇಕು. ಆ ಹೊಣೆ ಅವರಿಗೆ ಇಲ್ಲ, ಸರಿ. ರಸ್ತೆಗೆ ಸುರಿಯಲು ಅನುಮತಿ ಎಂದೂ ಇರಲಿಲ್ಲ.

ಮೊದಲು ಇನ್ನೊಂದು ಸಲ ಮಾತಾಡಿ ನೋಡಿ. ಜಗಳ ಮಾಡಬೇಡಿ. ಗುಡ್ಡೆಯಲ್ಲಿ ಇಡೀ ಇಟ್ಟಿಗೆ ಇದ್ದರೆ ಬಡಾವಣೆಯಲ್ಲಿ ಕಾಂಪೌಂಡು ಕಟ್ಟಿಸುತ್ತಿರುವ ಯಾರಾದರೂ ಬಂದು ಒಯ್ಯುತ್ತಾರೆ, ವಾಟ್ಸಾಪ್ ಗುಂಪಿಗೆ ಒಂದು ಫೋಟೋ ಹಾಕಿದರೆ ಸಾಕು. ಅದಕ್ಕೂ ಬಗ್ಗದಿದ್ದರೆ ದಿನಾಂಕ ಕಾಣುವ ಹಾಗೆ ಫೋಟೋ ತೆಗೆದು ಪಾಲಿಕೆಯ ನಿಮ್ಮ ವಲಯ ಕಚೇರಿಗೆ ಬರೆದು ಕೊಡಿ, ಸ್ವೀಕೃತಿ ಹಾಕಿಸಿಕೊಳ್ಳಿ. ಚರಂಡಿ ಕಟ್ಟಿರುವುದನ್ನು ಮೊದಲ ಸಾಲಿನಲ್ಲೇ ಬರೆಯಿರಿ. ಡೆಬ್ರಿಸ್ ಅಂದರೆ ನಾಳೆ ನೋಡೋಣ ಅಂತಾರೆ, ಚರಂಡಿ ಅಂದರೆ ಆರೋಗ್ಯ ನಿರೀಕ್ಷಕರು ಬರುತ್ತಾರೆ.

ಪ್ರಶ್ನೆ: ಬಾತ್‌ರೂಮಿನ ಒಡೆದ ಬಿಳಿ ಟೈಲ್ಸ್ ಎರಡು ಚೀಲ ಇದೆ. ಬಿಸಾಡಲಾ?
*(ಕುವೆಂಪುನಗರ, ಮೈಸೂರು)*

ಉತ್ತರ: ಯಾಕೆ ಬಿಸಾಡುತ್ತೀರಿ! ತಾರಸಿ ಮೇಲೆ ಚೂರು ಹಾಸಿ ಗಾರೆಯಲ್ಲಿ ಕೂರಿಸಿ. ಬಿಳಿ ಬಣ್ಣ ಬಿಸಿಲನ್ನು ವಾಪಸ್ ಎಸೆಯುತ್ತದೆ, ಕೆಳಗಿನ ರೂಮು ಏಪ್ರಿಲ್‌ನಲ್ಲಿ ತಣ್ಣಗಿರುತ್ತದೆ. ಎರಡು ಚೀಲ ಪೂರ್ತಿ ತಾರಸಿಗೆ ಸಾಲುವುದಿಲ್ಲ. ಟೈಲ್ಸ್ ಅಂಗಡಿಯವರನ್ನು ಕೇಳಿ, ಸಾಗಿಸುವಾಗ ಒಡೆದದ್ದು ಅವರ ಹಿತ್ತಲಲ್ಲಿ ಬಿದ್ದಿರುತ್ತದೆ, ಸುಮ್ನೆ ಕೊಡುತ್ತಾರೆ. ಅಂಚು ಚೂಪಾಗಿರುತ್ತದೆ, ಹಾಸುವಾಗ ಕೈಗವಸು ಹಾಕಿಕೊಳ್ಳಿ.